ದಡದಲ್ಲಿರಬೇಕಾದ ಸಿಲಿಂಡರ್

ಕೊಪ್ಪಳದಿಂದ ಮುನಿರಾಬಾದಿಗೆ ರೈಲಿನಲ್ಲಿ ಅರ್ಧ ತಾಸಿನ ದಾರಿ. ಗಿಣಿಗೇರಾ ದಾಟಿದ ಮೇಲೆ ಕಾರ್ಖಾನೆಗಳ ಹೊಗೆಕೊಳವೆಗಳು ಹಿಂದೆ ಸರಿಯುತ್ತವೆ, ಗಾಳಿಯಲ್ಲಿ ನೀರಿನ ತಂಪು ಬರುತ್ತದೆ. ನನ್ನ ತಂಗಿಯ ಮನೆ ಮುನಿರಾಬಾದಿನಲ್ಲಿದೆ. ಮದುವೆಯಾಗಿ ಅವಳು ಈ ಊರಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ಶಾಲೆಗೆ ಎರಡು ದಿನ ರಜೆ ಸಿಕ್ಕರೆ ನಾನು ಹೊರಡುವುದು ಅಲ್ಲಿಗೇ.

ತುಂಗಭದ್ರಾ ಜಲಾಶಯ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಹೊಸಪೇಟೆ. ಪ್ರವಾಸಿ ಬಸ್ಸುಗಳು ನಿಲ್ಲುವುದು ಆ ಕಡೆ. ಆದರೆ ಅಣೆಕಟ್ಟಿನ ಇನ್ನೊಂದು ತುದಿ ಮುನಿರಾಬಾದಿನಲ್ಲಿದೆ. 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಹಾಕಿದಾಗ ಬಲದಂಡೆ ಮದ್ರಾಸ್ ಸರ್ಕಾರದ್ದು, ಎಡದಂಡೆ ಹೈದರಾಬಾದ್ ನಿಜಾಮರದು. ಒಂದೇ ಹೊಳೆ, ಎರಡು ಸರ್ಕಾರ. ಕೆಲಸ ಮುಗಿಯುವ ಹೊತ್ತಿಗೆ ದೇಶ ಸ್ವತಂತ್ರವಾಗಿತ್ತು. 1953ರಲ್ಲಿ ನೀರು ನಿಂತಿತು. ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು ಇದು. 33 ಗೇಟುಗಳು. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆಯ ನೀರಿನಿಂದಲೇ ಗಂಗಾವತಿ, ಸಿಂಧನೂರಿನ ಭತ್ತ ಬೆಳೆಯುವುದು. ನಮ್ಮ ಅಡುಗೆಮನೆಯ ಅಕ್ಕಿ ಈ ಊರಿನ ತೂಬಿನಿಂದ ಹೊರಟದ್ದು ಎಂದು ನಾನು ಮಕ್ಕಳಿಗೆ ಹೇಳುವುದುಂಟು.

ಈ ಬಾರಿ ಹೋದದ್ದು ಮಾತ್ರ ರಜೆ ಕಳೆಯಲು ಅಲ್ಲ. ತಂಗಿ ಫೋನು ಮಾಡಿ ಅತ್ತಿದ್ದಳು. "ಆಪಾ, ನೀವು ಬಂದು ಇವನಿಗೆ ಒಂದು ಮಾತು ಹೇಳ್ರಿ. ನನ್ನ ಮಾತು ಕೇಳೂದಿಲ್ಲ. ಅಬ್ಬಾನ ಸಿಲಿಂಡರ್ ಬೆನ್ನಿಗೆ ಕಟ್ಕೊಂಡು ಡ್ಯಾಮಿನ ನೀರಾಗ ಇಳೀತೀನಿ ಅಂತಾನ."

ಆ ಸಿಲಿಂಡರಿನ ಕತೆ ಹೇಳದೆ ಮುಂದಿನದು ಅರ್ಥವಾಗದು.

2021ರ ಮೇ ತಿಂಗಳು. ಕೋವಿಡ್‌ನ ಎರಡನೇ ಅಲೆ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡ ಸುದ್ದಿ ಬಂದು ಇನ್ನೂ ವಾರ ಕಳೆದಿರಲಿಲ್ಲ. ನನ್ನ ತಂಗಿಯ ಗಂಡನಿಗೆ ಉಸಿರಾಟ ಕಷ್ಟವಾಯಿತು. ಹಾಸಿಗೆ ಸಿಗಲಿಲ್ಲ. ಮಗ ಎಲ್ಲೆಲ್ಲೋ ಅಲೆದು ಒಂದು ಹಳೆಯ ಸಿಲಿಂಡರ್ ಕೊಂಡು ತಂದ. ಮೈ ಕಪ್ಪು, ಭುಜ ಬಿಳಿ, 10 ಲೀಟರಿನದು. ತುಂಬಿಸಿದರೆ ಸುಮಾರು 1500 ಲೀಟರ್ ಆಮ್ಲಜನಕ. ಕೇಳಲು ದೊಡ್ಡ ಸಂಖ್ಯೆ. ಆದರೆ ನಿಮಿಷಕ್ಕೆ 5 ಲೀಟರಿನಂತೆ ಕೊಟ್ಟರೆ ಐದು ತಾಸು, 10 ಲೀಟರಿನಂತೆ ಕೊಟ್ಟರೆ ಎರಡೂವರೆ ತಾಸು. ಭಾವನಿಗೆ 10 ಬೇಕಾಗಿತ್ತು. ರಾತ್ರಿ ಒಂದು ಗಂಟೆಗೆ ಗಡಿಯಾರದ ಮುಳ್ಳು ಕೆಂಪಿಗೆ ಬಂತು. ತುಂಬಿಸುವ ಕಡೆ ಉದ್ದ ಸಾಲು. ಹುಡುಗ ತುಂಬಿದ ಸಿಲಿಂಡರ್ ಹೊತ್ತು ಬಂದಾಗ ಮನೆಯ ಮುಂದೆ ಜನ ಸೇರಿದ್ದರು.

ವಿಚಿತ್ರವೆಂದರೆ ಆಮ್ಲಜನಕ ತಯಾರಾಗುತ್ತಿದ್ದುದು ಹೊಳೆಯ ಆಚೆ, ತೋರಣಗಲ್ಲಿನಲ್ಲಿ. ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ಬೇಕೇ ಬೇಕು. ಗಾಳಿಯನ್ನು ಅತಿ ತಣ್ಣಗೆ ಮಾಡಿ ದ್ರವವಾಗಿಸಿ ಅದನ್ನು ಬೇರ್ಪಡಿಸುತ್ತಾರೆ. ಆ ತಿಂಗಳುಗಳಲ್ಲಿ ಜಿಂದಾಲ್ ಕಾರ್ಖಾನೆಯ ದ್ರವ ಆಮ್ಲಜನಕವೇ ರಾಜ್ಯದ ಎಷ್ಟೋ ಆಸ್ಪತ್ರೆಗಳನ್ನು ನಡೆಸಿತು. ಹತ್ತಿರವೇ ಇದ್ದದ್ದು ಹೊತ್ತಿಗೆ ಸಿಗಲಿಲ್ಲ.

ಆಮೇಲೆ ಆ ಸಿಲಿಂಡರ್ ಊರಿನ ಮೂರು ನಾಲ್ಕು ಮನೆ ತಿರುಗಿತು. ಹುಡುಗನೇ ಬೈಕಿನ ಮೇಲೆ ಕಟ್ಟಿಕೊಂಡು ಒಯ್ಯುತ್ತಿದ್ದ. ಕೊನೆಯದಾಗಿ ಒಯ್ದ ಮನೆಯ ಅಜ್ಜಿ ಬೇಗ ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ಅರ್ಧಕ್ಕಿಂತ ಹೆಚ್ಚು ತುಂಬಿದ್ದಾಗಲೇ ಅದು ಮರಳಿ ಬಂತು. ಅಂದಿನಿಂದ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲದ ಪಕ್ಕ ನಿಂತಿದೆ. ಯಾರೂ ಮುಟ್ಟುವುದಿಲ್ಲ, ಎಸೆಯುವುದೂ ಇಲ್ಲ.

ನಾನು ಹೋದ ಸಂಜೆ ಹುಡುಗ ವೆಲ್ಡಿಂಗ್ ಅಂಗಡಿಯಿಂದ ಬಂದ. ಬೈಯಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನ ಮುಖ ನೋಡಿ "ನಡಿ, ಡ್ಯಾಮಿನ ಕಡೆ ಹೋಗಿ ಬರೋಣ" ಎಂದಷ್ಟೇ ಹೇಳಿದೆ.

ಹಿನ್ನೀರಿನ ದಡದಲ್ಲಿ ಮೀನುಗಾರರು ಹರಿಗೋಲು ಬೋರಲು ಹಾಕಿ ಬಲೆ ಒಣಗಿಸುತ್ತಿದ್ದರು. ಒಂದು ಬಂಡೆಯ ಮೇಲೆ ಕುಳಿತೆವು. ಅವನೇ ಮಾತು ತೆಗೆದ. ಹಿಂದಿನ ವರ್ಷ ಇದೇ ದಡದಲ್ಲಿ ಈಜಲು ಇಳಿದ ಒಬ್ಬ ಹುಡುಗ ಮೇಲೆ ಬರಲಿಲ್ಲವಂತೆ. ಎರಡು ದಿನ ಹುಡುಕಾಟ. ಹುಡುಗನ ತಾಯಿ ಈ ಬಂಡೆಯ ಮೇಲೇ ಕುಳಿತಿದ್ದಳಂತೆ. ನೀರು ಕೊಟ್ಟರೂ ಕುಡಿಯಲಿಲ್ಲವಂತೆ. "ಖಾಲಾ, ಅವರಿಗೆ ಮಣ್ಣು ಕೊಡಾಕ ಒಂದು ದೇಹ ಬೇಕಾಗಿತ್ತು. ನನಗ ಈಜು ಬರ್ತೈತಿ. ಆದ್ರ ಉಸಿರು ಒಂದು ನಿಮಿಷಕ್ಕ ಮುಗೀತೈತಿ. ಮನ್ಯಾಗ ಸಿಲಿಂಡರ್ ಸುಮ್ಮನ ನಿಂತೈತಲ್ಲ."

2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಲ್ಪೆಯ ಈಶ್ವರ ಮಲ್ಪೆ ಗಂಗಾವಳಿ ನದಿಗೆ ಇಳಿದುದನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ಅದರ ಮರುತಿಂಗಳೇ, ಆಗಸ್ಟ್ 10ರ ರಾತ್ರಿ, ನಮ್ಮ ಇದೇ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ರಭಸದಿಂದ ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡತಡೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಮುಂದೆ ಎಲ್ಲ ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಆ ವಾರವೆಲ್ಲ ಊರಿನ ಹುಡುಗರಿಗೆ ನಿದ್ದೆಯಿಲ್ಲ. ನೀರಿನ ಕೆಳಗಿನ ಕೆಲಸದ ಹುಚ್ಚು ಇವನಿಗೆ ಹತ್ತಿದ್ದು ಆಗಲೇ ಎಂದು ನನಗೆ ಅನ್ನಿಸುತ್ತದೆ. ಮೆಡಿಕಲ್ ಸಿಲಿಂಡರಿಗೆ ಒಂದು ಜೋಡಣೆ ತಿರುಗಿಸಿ ಮುಳುಗುವವರ ರೆಗ್ಯುಲೇಟರ್ ಹಾಕುವುದನ್ನು ಎಲ್ಲೋ ನೋಡಿ ಕಲಿತಿದ್ದ. ಲೋಹದ ಕೆಲಸ ಗೊತ್ತಿರುವ ಕೈ ಬೇರೆ.

ನಾನು ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು. ವಿಜ್ಞಾನ ಹತ್ತನೇ ತರಗತಿಗೇ ಬಿಟ್ಟುಹೋಗಿತ್ತು. ಬರುವ ಮೊದಲು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿಯ ಬಳಿ ಎರಡು ಸಂಜೆ ಕುಳಿತು ಪಾಠ ಹೇಳಿಸಿಕೊಂಡಿದ್ದೆ. "ಬೇಡ" ಎಂದು ಬರೀ ಹೇಳಿದರೆ ಇಪ್ಪತ್ನಾಲ್ಕು ವರ್ಷದ ಹುಡುಗ ಕೇಳುವುದಿಲ್ಲ ಎಂಬುದಂತೂ ಗೊತ್ತಿತ್ತು.

"ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವುದರಲ್ಲಿ ಏನಿರುತ್ತೆ?" ಎಂದು ಕೇಳಿದೆ.

"ಆಕ್ಸಿಜನ್."

ನಮ್ಮಲ್ಲಿ ಎಲ್ಲರೂ ಹೇಳುವುದು ಇದನ್ನೇ, ಪತ್ರಿಕೆಗಳೂ ಬರೆಯುವುದು ಹೀಗೆಯೇ. ನಾನೂ ಹಾಗೆಯೇ ನಂಬಿದ್ದೆ. ತಪ್ಪು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗುವ ಪ್ರವಾಸಿಗರ ಬೆನ್ನ ಮೇಲೆ ಇರುವುದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿ, ಶೋಧಿಸಿ ಒತ್ತಿ ತುಂಬಿದ್ದು. ಅದರಲ್ಲಿ ಆಮ್ಲಜನಕ ಐದರಲ್ಲಿ ಒಂದು ಪಾಲು ಮಾತ್ರ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಎದೆ ಹಿಗ್ಗಬೇಕಾದರೆ ಒಳಗೆ ಎಳೆಯುವ ಗಾಳಿಗೂ ಅಷ್ಟೇ ಒತ್ತಡ ಬೇಕು. ಶುದ್ಧ ಆಮ್ಲಜನಕವೆಂದರೆ ನೀರಿನ ಮೇಲೆಯೇ ಗಾಳಿಯಲ್ಲಿರುವುದರ ಐದು ಪಟ್ಟು. 10 ಮೀಟರ್ ಕೆಳಗೆ ಅದು ಹತ್ತು ಪಟ್ಟು. ಅಷ್ಟನ್ನು ಮಿದುಳು ತಡೆಯುವುದಿಲ್ಲ, ಫಿಟ್ಸ್ ಬರುತ್ತದೆ. ಶುದ್ಧ ಆಮ್ಲಜನಕಕ್ಕೆ ಮುಳುಗುವವರು ಇಟ್ಟುಕೊಂಡಿರುವ ಗಡಿ ಸುಮಾರು 6 ಮೀಟರ್, ಅದೂ ತರಬೇತಿ ಪಡೆದವರಿಗೆ. ಎರಡು ಅಂತಸ್ತಿನ ಮನೆಯ ಎತ್ತರದಷ್ಟು ನೀರು. ಜಲಾಶಯದಲ್ಲಿ ಹಳೆಯ ಹೊಳೆಯ ಪಾತ್ರ ಇರುವಲ್ಲಿ ಆಳ ಅದಕ್ಕಿಂತ ಎಷ್ಟೋ ಹೆಚ್ಚು.

"ತಲೆ ತಿರುಗಿದ್ರ ಮ್ಯಾಲೆ ಬರ್ತೀನಿ."

"ತಲೆ ತಿರುಗಲೇಬೇಕೆಂದಿಲ್ಲ, ಬೇಟಾ. ಮುನ್ಸೂಚನೆ ಇಲ್ಲದೆಯೂ ಬರಬಹುದು. ಬಾಯಲ್ಲಿ ಕಚ್ಚಿಕೊಂಡದ್ದು ಜಾರುತ್ತೆ, ಮುಂದಿನ ಉಸಿರು ನೀರು."

ಫ್ರಾನ್ಸಿನ ಪಾಲ್ ಬೆರ್ ಎಂಬ ವಿಜ್ಞಾನಿ ಇದನ್ನು 1878ರಲ್ಲೇ ಬರೆದಿಟ್ಟಿದ್ದ. ಆಮೇಲೆ ತಮ್ಮ ಮೈಮೇಲೇ ಪರೀಕ್ಷೆ ಮಾಡಿಕೊಂಡವರು ಜೆ.ಬಿ.ಎಸ್. ಹಾಲ್ಡೇನ್. 1939ರಲ್ಲಿ ಬ್ರಿಟನ್ನಿನ ಥೀಟಿಸ್ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತ ಮೇಲೆ ಹಾಲ್ಡೇನ್ ಉಕ್ಕಿನ ಕೋಣೆಯಲ್ಲಿ ಕುಳಿತು ಹೆಚ್ಚು ಒತ್ತಡದ ಆಮ್ಲಜನಕ ಉಸಿರಾಡಿದರು. ಫಿಟ್ಸ್ ಬಂದು ಬೆನ್ನುಮೂಳೆಗೆ ಪೆಟ್ಟಾಯಿತು, ನೋವು ಜೀವನಪೂರ್ತಿ ಉಳಿಯಿತು. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರು ಬಿದ್ದದ್ದು ಒಣ ಕೋಣೆಯಲ್ಲಿ, ಪಕ್ಕದಲ್ಲಿ ಜನರಿದ್ದರು. ಅದಕ್ಕೇ ಬದುಕಿದರು.

ಹುಡುಗ ಸುಮ್ಮನಾಗಲಿಲ್ಲ. ಸುಮ್ಮನಾಗುವ ಜಾತಿಯಲ್ಲ ಅವನು. "ಹಂಗಾದ್ರ ಆಕ್ಸಿಜನ್ ಬಿಟ್ಟು ಅದೇ ಸಿಲಿಂಡರಿನ್ಯಾಗ ಗಾಳಿ ತುಂಬಿಸ್ತೀನಿ."

ಇದಕ್ಕೂ ಟೀಚರ್ ಉತ್ತರ ಹೇಳಿಕೊಟ್ಟಿದ್ದರು. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಅಷ್ಟು ಒತ್ತಡ ಬರುವುದಿಲ್ಲ. ದೊಡ್ಡ ಯಂತ್ರ ಸಿಕ್ಕರೂ ಶೋಧಕವಿಲ್ಲದಿದ್ದರೆ ಅದರ ಎಣ್ಣೆಯ ಆವಿ, ಹೊಗೆಯ ವಿಷಗಾಳಿ ಎಲ್ಲ ಸಿಲಿಂಡರಿಗೇ ಹೋಗುತ್ತದೆ. ಮೇಲೆ ತಲೆನೋವಾಗಿ ಮುಗಿಯುವುದು ಆಳದಲ್ಲಿ ಪ್ರಾಣ ತೆಗೆಯುತ್ತದೆ. ಇನ್ನು, ಹಾಗೆ ಎಣ್ಣೆ ಹತ್ತಿದ ಸಿಲಿಂಡರಿಗೆ ಮುಂದೆ ಯಾರಾದರೂ ಆಮ್ಲಜನಕ ತುಂಬಿದರೆ ಬೆಂಕಿ. ಒತ್ತಡದ ಆಮ್ಲಜನಕ ಮತ್ತು ಎಣ್ಣೆ ಸೇರಿದರೆ ಕಿಡಿಯೂ ಬೇಕಿಲ್ಲ. ಇದನ್ನು ವೆಲ್ಡಿಂಗ್ ಅಂಗಡಿಯವನಿಗೆ ನಾನು ಹೇಳಬೇಕಾಗಿರಲಿಲ್ಲ. ಅಲ್ಲಿ ಆಮ್ಲಜನಕದ ಗಡಿಯಾರಕ್ಕೆ ಎಣ್ಣೆ ಕೈ ಮುಟ್ಟಿಸಿದರೆ ಉಸ್ತಾದ್ ಕಪಾಳಕ್ಕೆ ಹೊಡೆಯುತ್ತಾನಂತೆ. ಒಳಗೆ ತೇವ ಹೋದರೆ ಉಕ್ಕು ತುಕ್ಕು ಹಿಡಿಯುತ್ತದೆ, ಆ ತುಕ್ಕೇ ಒಳಗಿನ ಆಮ್ಲಜನಕವನ್ನು ತಿನ್ನುತ್ತದೆ ಎಂಬುದು ಮಾತ್ರ ಅವನಿಗೆ ಹೊಸದು. "ಗಾಳಿ ಇರ್ತೈತಿ, ಜೀವ ಇರೂದಿಲ್ಲ" ಎಂದು ತನಗೆ ತಾನೇ ಹೇಳಿಕೊಂಡ.

ಸಣ್ಣ ಮೆಡಿಕಲ್ ಸಿಲಿಂಡರಿನ ಕತ್ತಿನಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಒಂದೊಂದು ಅನಿಲಕ್ಕೆ ಅವುಗಳ ಜಾಗ ಬೇರೆ. ತಪ್ಪು ಅನಿಲ ತಪ್ಪು ಮೂಗಿಗೆ ಹೋಗದಿರಲೆಂದು ಮಾಡಿದ ಬೀಗ ಅದು. ಇವನು ಮಾಡಹೊರಟ ಜೋಡಣೆ ಆ ಬೀಗವನ್ನೇ ಮುರಿಯುವಂಥದ್ದು. ಸಿಲಿಂಡರಿನ ಅನಿಲ, ಬಣ್ಣ, ವಾಲ್ವ್ ಬದಲಿಸಲು ಅನುಮತಿ ಬೇಕೆಂದು ಕಾನೂನೂ ಇದೆ. ಕಾನೂನಿನ ಮಾತಿಗೆ ಅವನು ಅಷ್ಟೇನೂ ತಲೆಬಾಗಲಿಲ್ಲ, ಅದು ಬೇರೆ.

ಒಂದು ಲೆಕ್ಕ ಮಾತ್ರ ಅವನನ್ನು ನಿಲ್ಲಿಸಿತು. ಶ್ರಮಪಡುವ ಮನುಷ್ಯನಿಗೆ ನಿಮಿಷಕ್ಕೆ 20 ಲೀಟರ್ ಗಾಳಿ ಬೇಕೆಂದು ಇಟ್ಟುಕೊಳ್ಳಿ. 1500 ಲೀಟರ್ ನೀರಿನ ಮೇಲೆ 75 ನಿಮಿಷ ಬಂದೀತು. 10 ಮೀಟರಿನಲ್ಲಿ ಪ್ರತಿ ಉಸಿರಿಗೂ ಎರಡರಷ್ಟು ಖರ್ಚು, ಆದ್ದರಿಂದ 37 ನಿಮಿಷ. 20 ಮೀಟರಿನಲ್ಲಿ 25. ಕಣ್ಣು ಕಾಣದ ಕೆಸರು ನೀರಿನಲ್ಲಿ, ಬಲೆಗಳ ನಡುವೆ, ಹೆದರಿ ಉಸಿರೆಳೆಯುವವನಿಗೆ ಅದೂ ಇಲ್ಲ. ಕಡ್ಡಿಯಿಂದ ಮರಳಿನ ಮೇಲೆ ಬರೆದು ನೋಡಿದ. ಗಡಿಯಾರದ ಮುಳ್ಳು ಕೆಂಪಿಗೆ ಬರುವುದು ಹೇಗಿರುತ್ತದೆಂದು ಅವನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

"ಹಂಗಾದ್ರ ಆಕ್ಸಿಜನ್ ಕಟ್ಕೊಂಡು ಯಾರೂ ಮುಳುಗೇ ಇಲ್ಲೇನು?"

ಮುಳುಗಿದ್ದಾರೆ. 1880ರಲ್ಲಿ ಇಂಗ್ಲೆಂಡಿನ ಸೆವರ್ನ್ ನದಿಯ ಕೆಳಗೆ ಅಗೆಯುತ್ತಿದ್ದ ಸುರಂಗಕ್ಕೆ ನೀರು ನುಗ್ಗಿತ್ತು. ಒಳಗೆ ಸಾವಿರ ಅಡಿ ದೂರದ ಕಬ್ಬಿಣದ ಬಾಗಿಲು ಮುಚ್ಚಬೇಕಾಗಿತ್ತು. ಗಾಳಿಯ ಕೊಳವೆ ಎಳೆದುಕೊಂಡು ಅಷ್ಟು ದೂರ ಹೋಗಲಾಗದೆ ಅಲೆಗ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಹೆನ್ರಿ ಫ್ಲೂಸ್ ಮಾಡಿದ ಆಮ್ಲಜನಕದ ಚೀಲ ಕಟ್ಟಿಕೊಂಡು ಕತ್ತಲಲ್ಲಿ ಹೋಗಿ ಬಾಗಿಲು ಮುಚ್ಚಿ ಬದುಕಿ ಬಂದ. ಫ್ಲೂಸ್‌ನ ಉಪಕರಣ ಬಿಟ್ಟ ಉಸಿರನ್ನು ಚೆಲ್ಲುತ್ತಿರಲಿಲ್ಲ. ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ, ಉಳಿದ ಆಮ್ಲಜನಕವನ್ನೇ ಮತ್ತೆ ಉಸಿರಾಡಲು ಕೊಡುತ್ತಿತ್ತು. ಈಗಿನ ಅಂಥ ಉಪಕರಣಗಳಲ್ಲಿ ಹೀರುವ ಕೆಲಸ ಸುಣ್ಣದ ಜಾತಿಯ ಹರಳುಗಳದು. ಸುಣ್ಣದ ತಿಳಿನೀರಿಗೆ ಉಸಿರು ಊದಿದರೆ ಹಾಲಿನಂತಾಗುವುದನ್ನು ನಾವೆಲ್ಲ ಶಾಲೆಯಲ್ಲಿ ನೋಡಿದ್ದೇವಲ್ಲ, ಅದೇ ಗುಣ.

ಇಲ್ಲಿಗೆ ಬಂದಾಗ ನಾನು ಹೇಳಬಾರದೆಂದಿದ್ದ ಮಾತನ್ನು ಹೇಳಿಬಿಟ್ಟೆ. ಅದೇ 2021ರ ಮೇ ತಿಂಗಳಲ್ಲಿ ಕೊಚ್ಚಿಯ ನೌಕಾಪಡೆಯ ಡೈವಿಂಗ್ ಶಾಲೆ ಒಂದು ಉಪಕರಣವನ್ನು ಪ್ರಕಟಿಸಿತು. ಲೆಫ್ಟಿನೆಂಟ್ ಕಮಾಂಡರ್ ಮಯಾಂಕ್ ಶರ್ಮಾ ಅದನ್ನು ರೂಪಿಸಿದ್ದರು. ರೋಗಿ ಎಳೆದುಕೊಂಡ ಆಮ್ಲಜನಕದಲ್ಲಿ ಶ್ವಾಸಕೋಶ ಬಳಸುವುದು ಸ್ವಲ್ಪವೇ, ಉಳಿದದ್ದೆಲ್ಲ ಬಿಟ್ಟ ಉಸಿರಿನೊಂದಿಗೆ ಕೋಣೆಗೆ ಹೋಗಿ ಹಾಳಾಗುತ್ತದೆ. ಮುಳುಗುವವರ ಉಪಾಯದಿಂದ ಅದನ್ನು ಹಿಡಿದು, ಶುದ್ಧ ಮಾಡಿ, ಮತ್ತೆ ಕೊಟ್ಟರೆ ಅದೇ ಸಿಲಿಂಡರ್ ಎರಡರಿಂದ ನಾಲ್ಕು ಪಟ್ಟು ಹೊತ್ತು ಬರುತ್ತದೆ. ಒಂದು ಮಾದರಿಗೆ ಆದ ವೆಚ್ಚ 10 ಸಾವಿರ ರೂಪಾಯಿ. ಪರೀಕ್ಷೆಗೆಂದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೆ ಕಳಿಸಿದರು. ಮುನಿರಾಬಾದಿನ ಒಂದು ಮನೆಯ ಹಿಂದಿನ ಕೋಣೆಗೆ ಅದು ಬರುವಂತಿರಲಿಲ್ಲ.

ಹುಡುಗ ಮರಳಿನ ಮೇಲಿನ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಿದ. ಎರಡೂವರೆ ತಾಸು, ಎರಡು ಪಟ್ಟಾದರೆ ಐದು. ನಾಲ್ಕು ಪಟ್ಟಾದರೆ ಹತ್ತು. "ಫಜರ್ ತನಕ ಬರ್ತಿತ್ತು" ಎಂದ. ನಾನು ಹೊಳೆಯ ಕಡೆ ನೋಡುತ್ತ ಕುಳಿತೆ. ಹರಿಗೋಲಿನವರು ದೀಪ ಹಚ್ಚಿಕೊಂಡು ಹೊರಟಿದ್ದರು.

ಕೊಚ್ಚಿಯವರು ಮಾಡಿದ್ದೂ ಅಳವಡಿಕೆಯೇ. ಆದರೆ ಅದು ನೀರಿನಿಂದ ಹಾಸಿಗೆಯ ಕಡೆಗೆ ಬಂತು, ವೈದ್ಯರ ಕಣ್ಣೆದುರು. ಮುಳುಗುವವರಿಗೂ ಶುದ್ಧ ಆಮ್ಲಜನಕದ ಸಿಲಿಂಡರ್ ಬೇಕು, ದೋಣಿಯಲ್ಲಿ ಇಟ್ಟಿರುತ್ತಾರೆ. ಆಳದಿಂದ ಅವಸರದಲ್ಲಿ ಮೇಲೆ ಬಂದವನ ರಕ್ತದಲ್ಲಿ ಸಾರಜನಕ ಗುಳ್ಳೆ ಕಟ್ಟಿದರೆ ಮೊದಲು ಕೊಡುವುದು ಅದನ್ನೇ. ನೀರು ಕುಡಿದು ಮೇಲೆತ್ತಿದವರಿಗೂ ಅದು ಬೇಕು. ಅದರ ಜಾಗ ದಡ.

ದಡದ ಮಾತು ಬಂದಾಗ ನನಗೆ ಕಾಲುವೆ ನೆನಪಾಯಿತು. ಎಡದಂಡೆ ಕಾಲುವೆಯುದ್ದಕ್ಕೂ ನಮ್ಮ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ, ಪಕ್ಕದಲ್ಲೇ ಮಕ್ಕಳ ಆಟ. ಮಗು ನೀರಿಗೆ ಬಿದ್ದರೆ ಎತ್ತಿದವರು ತಲೆಕೆಳಗೆ ಮಾಡಿ ತಿರುಗಿಸುತ್ತಾರೆ, ಹೊಟ್ಟೆ ಒತ್ತುತ್ತಾರೆ. ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ. ಅದರಿಂದ ಹೊತ್ತು ಹಾಳು, ವಾಂತಿ ಶ್ವಾಸಕ್ಕೆ ಹೋಗುವ ಅಪಾಯ ಬೇರೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಬೇಕು. ಎಳೆಗೂಸಾದರೆ ಮೂಗು ಬಾಯಿ ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಮೆಲ್ಲಗೆ ಊದಿ. ಆಮೇಲೂ ಅಲುಗಾಟವಿಲ್ಲದಿದ್ದರೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಊದುವುದು, 108 ಬರುವ ತನಕ ಬಿಡದೆ. ನಾವು ಬಿಟ್ಟ ಉಸಿರಿನಲ್ಲೂ ನೂರಕ್ಕೆ 16ರಷ್ಟು ಆಮ್ಲಜನಕ ಇರುತ್ತದೆ, ಸಹೋದರಿಯರೇ. ಒಂದು ಮಗುವಿಗೆ ಅದು ಸಾಕಾಗಬಹುದು. ಮುಳುಗಿದವರನ್ನು ಹುಡುಕಲು ಅಗ್ನಿಶಾಮಕ ದಳವನ್ನು ಕರೆಯುವ ಸಂಖ್ಯೆ 112.

ಬಾಯಿಗೆ ಬಾಯಿಡುವ ವಿದ್ಯೆಯನ್ನು ಸರಿಯಾಗಿ ಕಲಿಯಲು ಹುಡುಗ ಒಪ್ಪಿದ. ಮೀನುಗಾರರ ಹುಡುಗರನ್ನೂ ಕರೆದುಕೊಂಡು ಹೋಗುತ್ತಾನಂತೆ. ಮುಳುಗುವುದನ್ನು ಕಲಿಯುವ ಆಸೆ ಬಿಟ್ಟಿಲ್ಲ. ದುಡ್ಡು ಕೂಡಿಸಿ ಕರಾವಳಿಗೆ ಹೋಗಿ ಕ್ರಮವಾಗಿ ಕಲಿಯುತ್ತೇನೆ ಎಂದ. ನಾನು ಬೇಡವೆನ್ನಲಿಲ್ಲ. ತಂಗಿಗೆ ಈ ಮಾತು ಇನ್ನೂ ಹೇಳಿಲ್ಲ.

ಮರುದಿನ ಸಿಲಿಂಡರನ್ನು ಚೀಲಗಳ ನಡುವಿನಿಂದ ಹೊರಗೆ ತಂದೆವು. ಕತ್ತಿನ ಮೇಲೆ ಒತ್ತಡದ ಪರೀಕ್ಷೆಯ ದಿನಾಂಕ ಕೊರೆದಿತ್ತು, 2019ರದು. ಐದು ವರ್ಷಕ್ಕೊಮ್ಮೆ ಆಗಬೇಕಾದ ಪರೀಕ್ಷೆ ಆಗಿಯೇ ಇಲ್ಲ. ಅದಿಲ್ಲದೆ ಯಾರೂ ತುಂಬುವಂತಿಲ್ಲ. ಗ್ಯಾಸ್ ಡೀಲರಿಗೆ ಫೋನು ಮಾಡಿದ. ಪರೀಕ್ಷೆಗೆ ಕಳಿಸೋಣ, ಪಾಸಾದರೆ ತುಂಬಿಸಿ ಯಾವುದಾದರೂ ಆರೋಗ್ಯ ಕೇಂದ್ರಕ್ಕೆ ಕೊಡಬಹುದು, ಒಳಗೆ ಇನ್ನೂ ಅನಿಲ ಇದೆಯೇ ನೋಡು ಎಂದರು.

ಅಂಗಳದಲ್ಲಿ ಬೆಂಕಿ ಗಿಂಕಿ ಇಲ್ಲವೆಂದು ನೋಡಿಕೊಂಡು, ಕೈ ಸಾಬೂನಿನಿಂದ ತೊಳೆದು ಒರೆಸಿಕೊಂಡು ಬಂದು, ಹುಡುಗ ಕೀಲಿ ಹಾಕಿ ವಾಲ್ವ್ ಅನ್ನು ಒಂದೇ ಕ್ಷಣ ತಿರುಗಿಸಿದ. ಸುಯ್ ಎಂದು ಸದ್ದಾಯಿತು. ಕೂಡಲೇ ಮುಚ್ಚಿದ.

ತಂಗಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು.

"ಯಾರಿಗೆ ಹಚ್ಚಿದ್ರಿ?" ಎಂದು ಕೇಳಿದಳು.